ತಪ್ಪು ಯಾರದ್ದು ಅನ್ನೋದು ಆಮೇಲೆ, ಮೊದಲು ಕೋರ್ಟು ಯಾವುದು ಹೇಳಿ

ನನ್ನ ಗೆಳೆಯರೊಬ್ಬರು ಒಂದು ಮುದ್ರಣ ಯಂತ್ರ ತರಿಸಿದರು. ಪೆಟ್ಟಿಗೆ ಬಿಚ್ಚಿದರೆ ರೋಲರ್ ಬಿರುಕು ಬಿಟ್ಟಿತ್ತು. ಮಾರಿದವರು 'ನಮ್ಮ ಗೇಟು ದಾಟುವಾಗ ಚೆನ್ನಾಗಿತ್ತು, ಲಾರಿಯವರನ್ನು ಕೇಳಿ' ಎಂದರು. ಲಾರಿಯವರು 'ಪ್ಯಾಕಿಂಗೇ ಸರಿ ಇರಲಿಲ್ಲ' ಎಂದರು. ವಿಮೆಯವರು 'ಇಳಿಸುವಾಗ ನಿಮ್ಮ ಹುಡುಗರೇ ಬೀಳಿಸಿರಬೇಕು' ಎಂದರು. ಇವರ ಮಾತು ಕೇಳಿದರೆ ರೋಲರ್ ಬೇಜಾರಾಗಿ ತಾನೇ ಬಿರುಕು ಬಿಟ್ಟುಕೊಂಡಿರಬೇಕು.

ಮೂವರನ್ನೂ ಪ್ರತಿವಾದಿ ಮಾಡಿ ಗೆಳೆಯರು ತಮ್ಮೂರಲ್ಲೇ ದಾವೆ ಹೂಡಿದರು. ತಪ್ಪೇನಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಸೆಕ್ಷನ್ ಪ್ರಕಾರ ಪ್ರತಿವಾದಿ ಇರುವ ಕಡೆ, ಇಲ್ಲವೇ ವ್ಯಾಜ್ಯದ ಕಾರಣ ಸ್ವಲ್ಪವಾದರೂ ಹುಟ್ಟಿದ ಕಡೆ ದಾವೆ ಹಾಕಬಹುದು.

ಆದರೆ ಇನ್‌ವಾಯ್ಸ್‌ಗೆ ಒಂದು ಹಿಂಬದಿ ಇತ್ತು. ಅಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ತಕರಾರೇನಿದ್ದರೂ ನಮ್ಮ ಪ್ರಧಾನ ಕಚೇರಿ ಇರುವ ಊರಿನ ಕೋರ್ಟಿಗೆ ಮಾತ್ರ' ಎಂದಿತ್ತು. ಎರಡು ಕಡೆಯ ಕೋರ್ಟಿಗೂ ಅಧಿಕಾರ ಇದ್ದಾಗ ಇಬ್ಬರೂ ಸೇರಿ ಒಂದನ್ನು ಆರಿಸಿಕೊಳ್ಳಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಇಬ್ಬರೂ ಸೇರಿ ಅಂತೆ! ನನ್ನ ಗೆಳೆಯರು ಆರಿಸಿದ್ದು ಯಂತ್ರ ಮಾತ್ರ.

ದಾವೆಗೆ ಪ್ರತಿವಾದಿ ಕೊಡುವ ಉತ್ತರಕ್ಕೆ ಲಿಖಿತ ಹೇಳಿಕೆ ಎನ್ನುತ್ತಾರೆ. ಅದನ್ನು ಕೊಡಲು 30 ದಿನ, ಹೆಚ್ಚೆಂದರೆ 90. ಮಾಮೂಲಿ ದಾವೆಗಳಲ್ಲಿ ಅದು ಅಷ್ಟು ಕಡ್ಡಾಯವೂ ಅಲ್ಲ. ಕೊನೆಗೂ ಬಂದ ಮಾರಿದವರ ಹೇಳಿಕೆಯ ಮೊದಲ ಸಾಲೇ 'ಈ ಕೋರ್ಟಿಗೆ ಅಧಿಕಾರ ಇಲ್ಲ'. ಇಂಥ ಆಕ್ಷೇಪವನ್ನು ಆದಷ್ಟು ಬೇಗ ಎತ್ತಬೇಕು ಎನ್ನುತ್ತದೆ ಅದೇ ಸಂಹಿತೆಯ 21ನೇ ಸೆಕ್ಷನ್. ಬೇಗ ಎತ್ತಿದರು ಪಾಪ. ಬೇಗ ತೀರ್ಮಾನ ಮಾಡುವುದು ಬೇರೆ ವಿಷಯ ಅಲ್ವಾ? 'ಉಳಿದ ವಿವಾದಾಂಶಗಳ ಜೊತೆಗೇ ನೋಡೋಣ' ಎಂದಾಯಿತು. ಸಾಕ್ಷಿಗಳು ಬಂದರು, ಹೋದರು. ವಾಯಿದೆ ಮೇಲೆ ವಾಯಿದೆ ಬಿತ್ತು. ರೋಲರ್ ಟಾರ್ಪಾಲಿನ್ ಕೆಳಗೆ ತುಕ್ಕು ಹಿಡಿಯಿತು.

ಕೊನೆಗೆ ಆದೇಶ ಬಂತು. ಕೋರ್ಟು ಇದಲ್ಲ. ಸಂಹಿತೆಯ ಆದೇಶ 7, ನಿಯಮ 10ರಂತೆ ವಾದಪತ್ರ, ಅಂದರೆ ದಾವೆಯ ಅರ್ಜಿ, ವಾಪಸ್. ಯಾವತ್ತು ಕೊಟ್ಟರು, ಯಾವತ್ತು ಮರಳಿಸಿದೆವು, ಕೊಟ್ಟವರು ಯಾರು, ಕಾರಣ ಏನು ಎಂದು ಅದರ ಮೇಲೆ ಷರಾ ಬರೆದಿದ್ದರು. ವಿಳಾಸ ಸರಿಯಿಲ್ಲ ಎಂದು ಪೋಸ್ಟ್‌ಮ್ಯಾನ್ ಮರಳಿ ತಂದ ಕಾಗದದ ಹಾಗೆ. ಒಂದೇ ವ್ಯತ್ಯಾಸ. ಪೋಸ್ಟ್‌ಮ್ಯಾನ್ ಅದೇ ವಾರ ತರುತ್ತಾನೆ.

ಕಾನೂನಿಗೆ ಕರುಣೆ ಇಲ್ಲ ಅನ್ನಬೇಡಿ. 1963ರ ಕಾಲಮಿತಿ ಕಾಯ್ದೆಯ 14ನೇ ಸೆಕ್ಷನ್ನಿನಂತೆ, ಪ್ರಾಮಾಣಿಕವಾಗಿ ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನು ದಾವೆ ಹೂಡುವ ಗಡುವಿನ ಲೆಕ್ಕದಿಂದ ಬಿಡುತ್ತಾರೆ. ಅಂದರೆ ಆ ವರ್ಷಗಳು ಕಳೆದೇ ಇಲ್ಲ. ಗೆಳೆಯರ ತಲೆಗೂದಲು ಮಾತ್ರ ಆ ಸೆಕ್ಷನ್ ಓದಿಲ್ಲ.

ಸರಿಯಾದ ಕೋರ್ಟಿಗೆ ಹೋದ ಮೇಲೆ ಕೇಸು ನಿಂತಲ್ಲಿಂದ ಮುಂದುವರಿಯುತ್ತದೆ ಎಂದು ಅವರು ಸುಮ್ನೆ ನಂಬಿದ್ದರು. ಹೀಗೆ ಮರಳಿಸಿದ ದಾವೆ ಮೊದಲಿಂದಲೇ ಶುರುವಾಗಬೇಕು ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರಲ್ಲೇ ಹೇಳಿದೆ. ಯಂತ್ರ ಇಳಿಸಿದ ಹುಡುಗ ಮತ್ತೆ ಸಾಕ್ಷಿ ಹೇಳಬೇಕು. ಅವನಿಗೀಗ ಎರಡು ಮಕ್ಕಳು.

ಮೊನ್ನೆ ಹೊಸ ಕೋರ್ಟಿನಲ್ಲಿ ಮೊದಲ ವಾಯಿದೆ. ಮಾರಿದವರ ವಕೀಲರು ಸುಮ್ಮನಿದ್ದರು. ಲಾರಿಯವರ ವಕೀಲರು ಎದ್ದು ನಿಂತರು. ಕೈಯಲ್ಲಿ ಲಾರಿ ರಸೀದಿ. ಅದಕ್ಕೂ ಒಂದು ಹಿಂಬದಿ ಇದೆಯಂತೆ.