ಬಾಡಿಗೆಯವರಿಗೂ ನೆಮ್ಮದಿ ಬೇಕಲ್ವಾ?

ಮುಂಬೈಗೆ ಬಂದ ನಮ್ಮ ಹಳೆ ತಲೆಮಾರಿನವರಲ್ಲಿ ತುಂಬ ಜನ ಬಾಡಿಗೆಯಲ್ಲೇ ಬಾಳು ಕಳೆದವರು. ಪರೇಲ್, ಗಿರ್‌ಗಾಂವ್ ಕಡೆಯ ಸಾಲುಕೋಣೆಗಳ ಚಾಳುಗಳಲ್ಲಿ ಒಂದೇ ಖೋಲಿ (ಕೋಣೆ), ಮೂಲೆಯಲ್ಲಿ ತೊಳೆಯುವ ಮೋರಿ, ಗ್ಯಾಲರಿಯ ತುದಿಗೆ ಎಲ್ಲರಿಗೂ ಸೇರಿ ಕಕ್ಕಸು. ಆದರೂ ಬರುವ ವರ್ಷ ಎಲ್ಲಿಗೆ ಹೋಗೋದು ಅನ್ನುವ ಚಿಂತೆ ಅವರಿಗಿರಲಿಲ್ಲ. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆ ಬಾಡಿಗೆಯನ್ನು 1940ರ ಮಟ್ಟಕ್ಕೇ ಕಟ್ಟಿಹಾಕಿತ್ತು. ಪಗಡಿ, ಅಂದರೆ ಮೊದಲೇ ಒಂದು ದೊಡ್ಡ ಮೊತ್ತ, ಕೊಟ್ಟು ಒಳಗೆ ಬಂದರೆ ಮಕ್ಕಳ ಕಾಲಕ್ಕೂ ಖೋಲಿ ಉಳಿಯುತ್ತಿತ್ತು.

ಆದರೆ ಅಷ್ಟು ಕಡಿಮೆ ಬಾಡಿಗೆಯಲ್ಲಿ ಮಾಲೀಕರು ರಿಪೇರಿಗೆ ಕೈ ಹಾಕಲಿಲ್ಲ. ಬಾಡಿಗೆಗೆಂದೇ ಕಟ್ಟಡ ಕಟ್ಟುವವರೂ ಕಡಿಮೆಯಾದರು. ದೇಶದ ನಗರಗಳಲ್ಲಿ 1961ರಲ್ಲಿ ಶೇ. 54ರಷ್ಟಿದ್ದ ಬಾಡಿಗೆ ಮನೆಗಳ ಪಾಲು 2011ರ ಹೊತ್ತಿಗೆ ಶೇ. 28ಕ್ಕೆ ಇಳಿಯಿತು. ಅದೇ 2011ರಲ್ಲಿ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು! ಬಾಡಿಗೆಗೆ ಕೊಟ್ಟರೆ ಮನೆ ಕೈ ತಪ್ಪೀತು ಅನ್ನುವ ಹೆದರಿಕೆಯೂ ಇದಕ್ಕೊಂದು ಕಾರಣ. ಹೀಗಾಗಿ ಸ್ವಂತ ಮನೆ ಮಾಡಿದವರೆಲ್ಲ ಖುಷಿಯಿಂದ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ದೂರದ ಡೊಂಬಿವಲಿ, ವಸಾಯಿಯವರೆಗೂ ಹೋಗಿ, ಸಾಲ ಮಾಡಿ, ದಿನಾ ಲೋಕಲ್‌ನಲ್ಲಿ ನಜ್ಜುಗುಜ್ಜಾಗುತ್ತಾ ಓಡಾಡುವವರನ್ನು ಕೇಳಿ ನೋಡಿ.

ಈಗ ಮುಂಬೈಯಲ್ಲೂ ಹನ್ನೊಂದು ತಿಂಗಳ ಕರಾರೇ ಜಾಸ್ತಿ. ವರ್ಷ ವರ್ಷ ಗಂಟುಮೂಟೆ ಕಟ್ಟುವ ಕಷ್ಟ ತಪ್ಪಿಲ್ಲ. ಆದರೆ ಮಹಾರಾಷ್ಟ್ರದಲ್ಲಿ ಆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದು ಮಾಲೀಕರ ಹೊಣೆ. ಏಜೆಂಟ್ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾನೆ, ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ನೋಂದಣಿ ಆಗಿರದಿದ್ದರೆ, ಜಗಳ ಬಂದಾಗ ಮಾಲೀಕರು ಬೇರೆ ರೀತಿ ಸಾಬೀತು ಮಾಡುವ ತನಕ ಬಾಡಿಗೆಯವರು ಹೇಳಿದ ಷರತ್ತೇ ನಿಲ್ಲುತ್ತದೆ. ಬಡವರ ಕೈಗೆ ಇದು ದೊಡ್ಡ ಬಲ.

ನಮ್ಮ ಬೆಂಗಳೂರಲ್ಲಿ? ಸ್ಟ್ಯಾಂಪ್ ಪೇಪರ್ ಮೇಲೊಂದು ಸಹಿ, ಅಷ್ಟೇ. ಮೇಲಿಂದ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೇ ರೂಢಿ. ಈಗೀಗ ಕೆಲವರು ಕಡಿಮೆ ಕೇಳುತ್ತಾರೆ, ನಿಜ. ನನ್ನ ತಮ್ಮ ಮನೆ ಖಾಲಿ ಮಾಡಿದಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಉಳಿದ ದುಡ್ಡಿಗೂ ಅಲೆಸಿದರು. ಹೊಸದಾಗಿ ಸಂಸಾರ ಹೂಡಿದವರು ಅಷ್ಟು ಗಂಟು ಎಲ್ಲಿಂದ ತರಬೇಕು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಅನ್ನುತ್ತದೆ. ಆ ಮಿತಿ ಬೆಂಗಳೂರಲ್ಲಿ ನಿಜವಾಗಿ ನಡೆಯಬೇಕು. ಮುಂಬೈಯ ಹಾಗೆ ಮನೆಬಾಗಿಲಲ್ಲೇ ನೋಂದಣಿಯೂ ಆಗಬೇಕು. ಕರಾರು ದಾಖಲೆಯಲ್ಲಿದ್ದರೆ ಮಾಲೀಕರಿಗೂ ಮನೆ ಕೈ ತಪ್ಪುವ ಹೆದರಿಕೆ ಇರುವುದಿಲ್ಲ, ಬೀಗ ಹಾಕಿಟ್ಟ ಮನೆಗಳನ್ನೂ ಬಾಡಿಗೆಗೆ ಬಿಟ್ಟಾರು.