ಹಳೇ ಪಿಕಪ್ ಹಳೇದಾಗೇ ಇರಲಿ ಬಿಡಿ

ಮಹೀಂದ್ರಾ ಎಫ್‌ಸಿ-150 ಪಿಕಪ್ ಒಂದನ್ನು ಫ್ಯಾಕ್ಟರಿಯಿಂದ ಬಂದ ಹಾಗೇ ಮಾಡಿಸಬೇಕು ಅಂತ ಹೊರಟಿದ್ದೇನೆ. ಗ್ಯಾರೇಜಿನವರು ಮಾತು ಕಿವಿಗೇ ಹಾಕಿಕೊಳ್ಳಲ್ಲ. "ಸಾರ್, ಡೀಸೆಲ್ ಇಂಜಿನ್ ಕೂರಿಸೋಣ, ಮೈಲೇಜ್ ಬರುತ್ತೆ." "ಎಲ್‌ಇಡಿ ಹಾಕಿಸಿ, ಮಸ್ತಾಗಿ ಕಾಣುತ್ತೆ." ನಾನು ಮೈಲೇಜ್ ಕೇಳಿದೆನಾ?

ಈ ಗಾಡಿಯ ಮೂಲ 1956ರಲ್ಲಿ ಅಮೆರಿಕದಲ್ಲಿ ಬಂದ ವಿಲ್ಲೀಸ್ ಜೀಪ್. ಮುಂದೆ ಬಾನೆಟ್ಟೇ ಇಲ್ಲ, ಇಂಜಿನ್ ಡ್ರೈವರ್ ಪಕ್ಕದಲ್ಲೇ ಮುಚ್ಚಳದ ಕೆಳಗಿದೆ. ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ, ಬರೀ 81 ಇಂಚು. ಅದರ ಹರಿಕೇನ್ ಪೆಟ್ರೋಲ್ ಇಂಜಿನ್‌ನಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡೋ ಇನ್‌ಟೇಕ್ ವಾಲ್ವ್ ಮೇಲಿನ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ಕೆಳಗಿನ ಬ್ಲಾಕಿನಲ್ಲಿ. ಎಂಥಾ ಚೆಂದದ ಕೆಲಸ! ಅದನ್ನೇ ಕಿತ್ತು ಗುಜರಿಗೆ ಹಾಕಿದರೆ ಉಳಿಯೋದು ಬರೀ ತಗಡು ಅಲ್ವಾ? ಮೇಲಿಂದ, ಇಂಜಿನ್ ಬದಲಾಯಿಸಿದರೆ ಆರ್‌ಸಿ ತಿದ್ದಿಸೋಕೆ ಆರ್‌ಟಿಓಗೆ ಬೇರೆ ಅಲೆಯಬೇಕು.

ಬಿಡಿಭಾಗದ್ದು ಇನ್ನೊಂದು ಗೋಳು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ "ಕಂಪನಿ ಮಾಲ್" ಅಂತ ಕೊಟ್ಟ ಬಾಗಿಲ ರಬ್ಬರ್ ಮೂಲೆಯಲ್ಲಿ ಕೂರೋದೇ ಇಲ್ಲ, ಉಬ್ಬಿಕೊಂಡು ಮೇಲೇಳುತ್ತೆ.

ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಟಿಂಕರಿಂಗ್, ಅಂದರೆ ಬಾಡಿಯ ತಗಡು ಕೆಲಸ. ತುಕ್ಕು ಹಿಡಿದ ಜಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ ಅಂತ ಬಿಡಿಸಿ ಹೇಳಿದ್ದೆ. ಬಣ್ಣ ಹೊಡೆದ ಮೇಲೆ ಬಾಗಿಲ ಕೆಳಗೆ ಅಯಸ್ಕಾಂತ ಇಟ್ಟು ನೋಡಿದೆ. ತಗಡಾಗಿದ್ದರೆ ಅಂಟಬೇಕಿತ್ತು; ಅಂಟಲೇ ಇಲ್ಲ, ಜಾರಿ ಬಿತ್ತು. ತುಕ್ಕಿನ ಮೇಲೇ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ! ಒಂದು ಮಳೆಗಾಲ ಕಳೆದರೆ ಗುಳ್ಳೆ ಎದ್ದೇ ಏಳುತ್ತೆ. ಕೇಳಿದರೆ "ಹೊರಗೆ ಕಾಣಲ್ಲ ಬಿಡಿ ಸಾರ್" ಅಂತಾರೆ. ಈಗ ಎಲ್ಲ ಕೆರೆಸಿ ಮತ್ತೆ ಮೊದಲಿಂದ ಶುರು ಮಾಡಿಸಬೇಕು. ಆ ದುಡ್ಡು ಯಾರು ಕೊಡುತ್ತಾರೆ?