ಕಲ್ಲನ್ನು ನೋಡಿದ ಕತೆ, ಕಲ್ಲನ್ನು ನೋಡದ ಕತೆ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಫೋಟೋ ಬಂತು. ಸಮುದ್ರದ ದಂಡೆಯಲ್ಲಿ ದೊಡ್ಡದೊಂದು ಗವಿ. ಬಾಯಿಯ ಎರಡೂ ಕಡೆ ಕಪ್ಪು ಕಲ್ಲಿನ ಕಂಬಗಳು, ಯಾರೋ ದಾರ ಹಿಡಿದು ಕೂತು ನಿಲ್ಲಿಸಿದ ಹಾಗೆ. ಕೆಳಗೆ ಮಾಮೂಲಿ ಒಕ್ಕಣೆ: ದೈತ್ಯರು ಕಟ್ಟಿದ ಅರಮನೆ, ವಿಜ್ಞಾನಿಗಳಿಗೂ ಬಿಡಿಸಲಾಗದ ರಹಸ್ಯ, ಎಲ್ಲರಿಗೂ ಕಳಿಸಿ. ಒಂದಷ್ಟು ಜನ ಕೈಮುಗಿದರು. ಮೂರನೇ ಮಹಡಿಯವರೊಬ್ಬರು 'ಇಂಥ ಮೂಢನಂಬಿಕೆ ಹರಡಬೇಡಿ, ಅದು ಬರೀ ಲಾವಾ' ಅಂತ ಬರೆದರು. ಮಾತು ಮುಂದುವರಿಯುವಷ್ಟರಲ್ಲಿ ಇವತ್ತು ಕಾವೇರಿ ನೀರು ಬರಲ್ಲ, ಟ್ಯಾಂಕರ್‌ಗೆ ಹೇಳಿದ್ದೇವೆ ಅಂತ ಸೆಕ್ರೆಟರಿ ಮೆಸೇಜ್ ಹಾಕಿದರು, ರಹಸ್ಯ ಅಲ್ಲಿಗೆ ಮುಗಿಯಿತು.

ನನಗೆ ಸಿಟ್ಟು ಬಂದಿದ್ದು ಫಾರ್ವರ್ಡ್ ಮಾಡಿದವರ ಮೇಲೆ ಮಾತ್ರ ಅಲ್ಲ, 'ಬರೀ ಲಾವಾ' ಅಂದವರ ಮೇಲೂ. ಇಬ್ಬರೂ ಆ ಫೋಟೋವನ್ನು ಸರಿಯಾಗಿ ನೋಡಿರಲಿಲ್ಲ.

ಅದು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸ್ಟಾಫಾ ಅನ್ನೋ ಪುಟ್ಟ ದ್ವೀಪದಲ್ಲಿರುವ ಫಿಂಗಲ್ಸ್ ಕೇವ್. ನಾನು ಹೋಗಿಲ್ಲ, ಸದ್ಯಕ್ಕೆ ಹೋಗುವ ಬಜೆಟ್ಟೂ ಇಲ್ಲ. ಆದರೆ ವರ್ಷಗಳಿಂದ ಅದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಸುಮಾರು 6 ಕೋಟಿ ವರ್ಷಗಳ ಹಿಂದೆ ಗ್ರೀನ್‌ಲ್ಯಾಂಡ್ ಮತ್ತು ಯೂರೋಪ್ ಬೇರೆಯಾಗುವ ಹೊತ್ತಿಗೆ, ಉತ್ತರ ಅಟ್ಲಾಂಟಿಕ್ ಸಮುದ್ರ ಬಾಯಿ ತೆರೆಯುತ್ತಿದ್ದ ಕಾಲಕ್ಕೆ, ಆ ಭಾಗದಲ್ಲೆಲ್ಲ ಲಾವಾ ಉಕ್ಕಿ ಹರಿಯಿತು. ಹರಿದ ಲಾವಾ ದಪ್ಪಗೆ ನಿಂತು ಆರತೊಡಗಿತು. ಆರುವಾಗ ಕುಗ್ಗುತ್ತದೆ. ಕುಗ್ಗಲು ಜಾಗ ಬೇಕು, ಆದರೆ ಅಕ್ಕಪಕ್ಕದ ಕಲ್ಲು ಬಿಡಲ್ಲ, ಹಾಗಾಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೆರೆಯ ತಳದ ಮಣ್ಣು ಒಣಗಿ ಚೂರು ಚೂರಾಗುತ್ತಲ್ಲ, ಹಾಗೆಯೇ. ವ್ಯತ್ಯಾಸ ಏನೆಂದರೆ ಇಲ್ಲಿ ಬಿರುಕು ಮೇಲ್ಮೈಯಲ್ಲೇ ನಿಲ್ಲಲಿಲ್ಲ. ತಂಪು ಒಳಗೆ ಇಳಿದ ಹಾಗೆಲ್ಲ ಬಿರುಕೂ ಅದರ ಹಿಂದೆಯೇ ಇಳಿಯಿತು. ಮೂರು ಬಿರುಕು ಒಂದು ಕಡೆ ಸೇರಿದಾಗ ಎಳೆತ ಸಮನಾಗಿ ಹಂಚಿಹೋಗುವುದು 120 ಡಿಗ್ರಿ ಮೂಲೆಯಲ್ಲಿ, ಆದ್ದರಿಂದ ಹೆಚ್ಚಿನ ಕಂಬಗಳು ಆರು ಮುಖದವು. ಹೆಚ್ಚಿನವು ಅಂದೆ. ಐದು ಮುಖದ್ದು, ಏಳು ಮುಖದ್ದು ಧಾರಾಳವಾಗಿ ಇವೆ. ದೈತ್ಯ ಮೇಸ್ತ್ರಿ ಕಟ್ಟಿದ್ದೇ ಆದರೆ ಅವನ ಅಳತೆ ಅಷ್ಟೇನೂ ಕರಾರುವಾಕ್ಕಾಗಿರಲಿಲ್ಲ.

ಇದನ್ನು ನಂಬದಿದ್ದರೆ ಮನೆಯಲ್ಲೇ ಮಾಡಿ ನೋಡಬಹುದು. ಅಂಗಡಿಯ ಕಾರ್ನ್‌ಫ್ಲೋರ್ ತಗೊಂಡು ಸಮ ಪ್ರಮಾಣದ ನೀರಲ್ಲಿ ಕಲಸಿ ಒಂದು ಬಟ್ಟಲಿಗೆ ದಪ್ಪಗೆ ಹಾಕಿ, ಬಲ್ಬಿನ ಕೆಳಗೆ ಒಣಗಲು ಬಿಡಿ. ಎಲ್‌ಇಡಿ ಆಗಲ್ಲ, ಹಳೇ ಕಾಲದ ಬಿಸಿಯಾಗುವ ಬಲ್ಬೇ ಬೇಕು. ಕೆಲವು ದಿನ ಅಲ್ಲಾಡಿಸಬಾರದು. ಮೊದಲು ಮೇಲಿಂದ ತಳದವರೆಗೆ ನಾಲ್ಕಾರು ದೊಡ್ಡ ಬಿರುಕು ಬೀಳುತ್ತವೆ, ಅದನ್ನು ನೋಡಿ ಕೆಟ್ಟಿತು ಅಂದುಕೊಳ್ಳಬೇಡಿ. ಪೂರ್ತಿ ಒಣಗಿದ ಮೇಲೆ ಒಂದು ತುಂಡನ್ನು ನಿಧಾನವಾಗಿ ಮುರಿದರೆ ಒಳಗೆ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪದ ಬಿಳೀ ಕಂಬಗಳು ಸಾಲಾಗಿ ನಿಂತಿರುತ್ತವೆ. ಬೆರಳಲ್ಲಿ ಮುಟ್ಟಿದರೆ ಒಂದೊಂದೇ ಕಳಚಿ ಬರುತ್ತದೆ, ಮೂಲೆಗಳು ಬೆರಳಿಗೆ ಗೊತ್ತಾಗುತ್ತವೆ. ಅಲ್ಲಿ ಶಾಖ ಹೋಗಿ ಕುಗ್ಗಿದ್ದು, ಇಲ್ಲಿ ನೀರು ಹೋಗಿ ಕುಗ್ಗಿದ್ದು, ಲೆಕ್ಕ ಒಂದೇ. ಪ್ರಯೋಗಾಲಯಗಳಲ್ಲಿ ಕಲ್ಲುಕಂಬ ಅಧ್ಯಯನ ಮಾಡುವವರೂ ಇದೇ ಪಿಷ್ಟ ಬಳಸುತ್ತಾರೆ. ನಮ್ಮ ಅತ್ತೆ ಮಾತ್ರ 'ಎಂತಕ್ಕೆ ಮಾರಾಯ್ತಿ ಈ ಹಿಟ್ಟು ಹಾಳು ಮಾಡೂದು' ಅಂತ ಬಟ್ಟಲನ್ನು ಸಿಂಕಿಗೆ ಹಾಕಲು ಹೊರಟಿದ್ದರು. ಮುರಿದು ತೋರಿಸಿದ ಮೇಲೆ ಒಂದು ಕಂಬ ಎತ್ತಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಸ್ಟಾಫಾದ ಬಂಡೆಯಲ್ಲೂ ಇದನ್ನು ಓದಬಹುದು. ಕೆಳಗೆ ನಿಧಾನ ಆರಿದ ಕಡೆ ನೇರವಾದ ದಪ್ಪ ಕಂಬ, ಮೇಲೆ ಬೇಗ ಆರಿದ ಕಡೆ ಸಣ್ಣ, ಡೊಂಕು, ಅಡ್ಡಾದಿಡ್ಡಿ ಕಂಬ. ಆಮೇಲೆ ಬಂದದ್ದು ಸಮುದ್ರ. ಅಲೆ ಬಿರುಕಿಗೆ ನುಗ್ಗಿದಾಗ ಒಳಗಿನ ಗಾಳಿ ಇಕ್ಕಟ್ಟಿನಲ್ಲಿ ಒತ್ತಿಕೊಳ್ಳುತ್ತದೆ, ಅಲೆ ಹಿಂದೆ ಸರಿದಾಗ ಆ ಗಾಳಿ ಸಿಡಿದು ಹೊರಗೆ ಬರುತ್ತದೆ. ಹೀಗೆ ಹಗಲೂ ರಾತ್ರಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕಂಬಗಳು ಒಂದೊಂದೇ ಮುರಿದು ಬಿದ್ದು ಆದದ್ದು ಗವಿ. ಬಂಡೆಗೆ 6 ಕೋಟಿ ವರ್ಷ ಅಂದರೆ ಗವಿಗೂ ಅಷ್ಟೇ ಅಂತ ತಿಳಿಯಬೇಡಿ, ಗವಿ ಬಹಳ ಈಚಿನದು. ಈಗಲೂ ಕೊರೆಯುತ್ತಲೇ ಇದೆ. ಒಳಗೆ ಅಲೆ ಬಡಿದ ಸದ್ದು ಕಮಾನಿನ ಛಾವಣಿಗೆ ತಾಗಿ ಮೊಳಗುತ್ತದಂತೆ. 1829ರಲ್ಲಿ ಜರ್ಮನಿಯ ಸಂಗೀತಗಾರ ಮೆಂಡೆಲ್ಸನ್ ಅಲ್ಲಿಗೆ ಹೋಗಿದ್ದ. ಆ ಪ್ರವಾಸದಿಂದ ಹುಟ್ಟಿದ ಸಂಗೀತ ಜಗತ್ತಿಗೆಲ್ಲ ಗೊತ್ತು, ಆದರೆ ದೋಣಿಯಲ್ಲಿ ಪಾಪ ಅವನಿಗೆ ವಾಂತಿಯೋ ವಾಂತಿ ಅನ್ನೋದನ್ನು ಯಾರೂ ಹೇಳಲ್ಲ.

ಈಗ ದೈತ್ಯನ ಕತೆಗೆ ಬರೋಣ. ಫಾರ್ವರ್ಡಿನಲ್ಲಿ ಇಲ್ಲದೇ ಇದ್ದದ್ದು ಇದೇ, ನಿಜವಾದ ಕತೆ!

ಐರ್ಲೆಂಡಿನಲ್ಲಿ ಫಿನ್ ಅಂತ ಒಬ್ಬ ದೈತ್ಯ. ಸಮುದ್ರದ ಆಚೆ ಸ್ಕಾಟ್ಲೆಂಡಿನಲ್ಲಿ ಬೆನಾನ್‌ಡಾನರ್ ಅಂತ ಇನ್ನೊಬ್ಬ. ಇಬ್ಬರಿಗೂ ಆಗಿಬರಲ್ಲ. ಬಾ ನೋಡೋಣ ಅಂತ ಫಿನ್ ಕಲ್ಲುಕಂಬ ನೆಟ್ಟು ಸಮುದ್ರದ ಮೇಲೆ ದಾರಿ ಮಾಡಿದ. ಆಚೆಯವನು ನಡೆದು ಬರುವುದನ್ನು ನೋಡಿದರೆ ತನಗಿಂತ ಎಷ್ಟೋ ದೊಡ್ಡ ಆಳು. ಫಿನ್ ಮನೆಗೆ ಓಡಿದ. ಹೆಂಡತಿ ಊನಾ ಗಾಬರಿ ಆಗಲಿಲ್ಲ. ಗಂಡನಿಗೆ ಕೂಸಿನ ಬಟ್ಟೆ ಹಾಕಿ ತೊಟ್ಟಿಲಲ್ಲಿ ಮಲಗಿಸಿದಳು. 'ಅವರು ಹೊರಗೆ ಹೋಗಿದ್ದಾರೆ, ಕೂತ್ಕೊಳ್ಳಿ, ಮಗು ಎದ್ದುಬಿಟ್ಟೀತು, ಸ್ವಲ್ಪ ಮೆಲ್ಲಗೆ ಮಾತಾಡಿ.' ಬಂದವನು ತೊಟ್ಟಿಲು ಬಗ್ಗಿ ನೋಡಿದ. ಕೂಸೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಕು ಅಂತ ಎದ್ದುಬಿದ್ದು ಓಡಿದ, ಓಡುವಾಗ ದಾರಿಯನ್ನೂ ಕಿತ್ತು ಹಾಕಿದ. ಉಳಿದದ್ದು ಎರಡು ತುದಿ ಮಾತ್ರ. ಐರ್ಲೆಂಡ್ ಕಡೆ ಜೈಂಟ್ಸ್ ಕಾಸ್‌ವೇ, ಸುಮಾರು 40,000 ಕಂಬ. ಸ್ಕಾಟ್ಲೆಂಡ್ ಕಡೆ ಸ್ಟಾಫಾ. (ಸಮುದ್ರದ ಮೇಲೆ ಸೇತುವೆ ಅಂದ ತಕ್ಷಣ ನಮಗೆ ಏನು ನೆನಪಾಗುತ್ತೆ ಅಂತ ಹೇಳಬೇಕಿಲ್ಲ. ಆ ಜಗಳ ಇಲ್ಲಿ ಬೇಡ, ದಯವಿಟ್ಟು.)

ಈ ಕತೆಯನ್ನು ಮೂಢನಂಬಿಕೆ ಅಂತ ತಳ್ಳಿ ಹಾಕುವವರಿಗೆ ನನ್ನದು ಒಂದೇ ಪ್ರಶ್ನೆ. ಎರಡು ಜಾಗದ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಇದೆ, ನಡುವೆ ಒರಟು ಸಮುದ್ರ. ಆಚೆಯ ಕಲ್ಲೂ ಈಚೆಯ ಕಲ್ಲೂ ಒಂದೇ ಜಾತಿಯದು ಅಂತ ಮೊದಲು ಗಮನಿಸಿದವರು ಯಾರು? ಮೈಕ್ರೋಸ್ಕೋಪ್ ಇಟ್ಟುಕೊಂಡವರಲ್ಲ. ದೋಣಿಯಲ್ಲಿ ಹೋಗಿ ಬರುತ್ತಿದ್ದವರು, ಮೀನು ಹಿಡಿಯುತ್ತಿದ್ದವರು. ಅವರಿಗೆ ಸಿಕ್ಕ ವಿವರಣೆ ದೈತ್ಯ, ನಮಗೆ ಸಿಕ್ಕ ವಿವರಣೆ ಲಾವಾ. ಆದರೆ ಎರಡೂ ತುದಿಗೆ ಸಂಬಂಧ ಇದೆ ಅನ್ನೋದು ಅವರ ಕಣ್ಣಿಗೆ ಬಿದ್ದಿತ್ತು, ಮತ್ತು ಅದು ಸರಿ. ಎರಡೂ ಒಂದೇ ಲಾವಾ ಹರಿವಿನ ತುದಿಗಳು ಅಂತ ಕೆಲವರು ಬರೆಯುತ್ತಾರೆ, ಅಷ್ಟು ದೂರ ಹೋಗಬೇಕಿಲ್ಲ. ಬೇರೆ ಬೇರೆ ಹರಿವು, ಒಂದೇ ಕಾಲದ ಜ್ವಾಲಾಮುಖಿಗಳ ಕೆಲಸ.

ಹಾಗಂತ ಎಲ್ಲ ಕತೆಯೂ ಹೀಗಲ್ಲ. ಫಿಂಗಲ್ ಅನ್ನೋ ಹೆಸರನ್ನೇ ನೋಡಿ. 1760ರ ದಶಕದಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್ ಅನ್ನೋ ಸ್ಕಾಟಿಷ್ ಕವಿ, ಪುರಾತನ ಕವಿಯೊಬ್ಬನ ಹಾಡುಗಳು ಸಿಕ್ಕಿವೆ, ಅನುವಾದ ಮಾಡಿದ್ದೇನೆ ಅಂತ ಪುಸ್ತಕ ತಂದ. ಅದರ ನಾಯಕ ಫಿಂಗಲ್, ಐರ್ಲೆಂಡಿನ ಫಿನ್‌ನದೇ ಇನ್ನೊಂದು ರೂಪ. ಯೂರೋಪಿಗೆಲ್ಲ ಹುಚ್ಚು ಹಿಡಿಯಿತು. ಬಹುಪಾಲು ಇವನೇ ಹೊಸೆದದ್ದು ಅಂತ ಅಂದೇ ಜಗಳ ಶುರುವಾಗಿತ್ತು. 1772ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಐಸ್‌ಲ್ಯಾಂಡಿಗೆ ಹೋಗುವ ದಾರಿಯಲ್ಲಿ ಸ್ಟಾಫಾದಲ್ಲಿ ಇಳಿದು ಗವಿಯನ್ನು ಅಳೆದು ಬರೆದ, ಅವನ ಬರಹದಿಂದಲೇ ಈ ಹೆಸರು ಜಗತ್ತಿಗೆ ಹಬ್ಬಿತು. ಅಂದರೆ ಪುರಾತನ ಅಂತ ಈಗ ನಾವು ಕೈಮುಗಿಯುವ ಹೆಸರು ಆ ಕಾಲದ ಒಂದು ಫಾರ್ವರ್ಡ್. ಅದು ಕಲ್ಲನ್ನು ನೋಡಿ ಹುಟ್ಟಿದ್ದಲ್ಲ, ತಂದು ಅಂಟಿಸಿದ್ದು.

ವಿಜ್ಞಾನಿಗಳೂ ಅಂಟಿಸಿದ್ದಾರೆ, ಬಿಡಿ. ಅದೇ ಕಾಲದಲ್ಲಿ ಜರ್ಮನಿಯ ವೆರ್ನರ್ ಅನ್ನೋ ದೊಡ್ಡ ಪ್ರೊಫೆಸರ್, ಬಸಾಲ್ಟ್ (ಸ್ಟಾಫಾದ ಕಂಬಗಳ ಕಪ್ಪು ಕಲ್ಲಿಗೆ ಇದೇ ಹೆಸರು) ಹಳೇ ಕಾಲದ ಸಮುದ್ರದ ನೀರಲ್ಲಿ ಗಷ್ಟು ಕಟ್ಟಿ ಆದದ್ದು ಅಂತ ಪಾಠ ಹೇಳುತ್ತಿದ್ದ. ಶಿಷ್ಯರೆಲ್ಲ ತಲೆಯಾಡಿಸಿದರು. ಫ್ರಾನ್ಸಿನ ಭೂವಿಜ್ಞಾನಿ ದೆಮಾರೆ 1763ರಲ್ಲಿ ಓವೆರ್ನ್ ಬೆಟ್ಟಗಳಲ್ಲಿ ಇಂಥದೇ ಕಂಬಗಳ ಜಾಡು ಹಿಡಿದು ಹೋದ, ಅದು ಹಳೇ ಜ್ವಾಲಾಮುಖಿಯ ಲಾವಾಕ್ಕೆ ಹೋಗಿ ಸೇರಿತ್ತು. ಆದರೂ ವಾದ ದಶಕಗಟ್ಟಲೆ ನಡೆಯಿತು. ಗೆದ್ದದ್ದು ನಡೆದು ನೋಡಿದವನ ಮಾತು.

ನಮ್ಮ ಕಡೆಯ ಕತೆಗಳಿಗೂ ನಾನು ಇದೇ ಅಳತೆ ಹಿಡಿಯುತ್ತೇನೆ. ಅತ್ತೆ ಕುಮಟಾ ಕಡೆಯವರು, ಮಾತೆತ್ತಿದರೆ 'ಸೊಕ್ಕಿದ್ದವಂಗೆ ಯಾಣ, ರೊಕ್ಕಿದ್ದವಂಗೆ ಗೋಕರ್ಣ' ಅನ್ನುತ್ತಾರೆ. ಯಾಣದಲ್ಲಿ ಭಸ್ಮಾಸುರ ಮೋಹಿನಿಯ ಜೊತೆ ಕುಣಿದು, ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದ. ಅಲ್ಲಿನ ಸುಣ್ಣಕಲ್ಲಿನ ಶಿಖರಗಳು ಕಪ್ಪು, ಸುತ್ತಲಿನ ಮಣ್ಣೂ ಕಪ್ಪು, ಪುಡಿ ಪುಡಿ. ಕತೆ ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದೆ, ಅದಕ್ಕೆ ಬೂದಿ ಅಂದಿದೆ. ದೊಡ್ಡ ಶಿಖರ ಭೈರವೇಶ್ವರ, ಚಿಕ್ಕದು ಮೋಹಿನಿ. ಇದು ನನ್ನ ಲೆಕ್ಕದಲ್ಲಿ ಒಳ್ಳೆಯ ಕತೆ.

ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ ತಗೊಳ್ಳಿ. ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬಿನ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ, ಅದನ್ನು ಮಾಡಿದವರು ಸೂರ್ಯನನ್ನು ವರ್ಷಗಟ್ಟಲೆ ನೋಡಿದವರು. ಆದರೆ ಅಲ್ಲಿಂದ ಕಾಶಿಗೆ ಸುರಂಗ ಇದೆ ಅನ್ನೋ ಕತೆ? ಕರ್ನಾಟಕದ ಯಾವ ಗವಿಗೆ ಹೋದರೂ ಕಾಶಿಗೆ ದಾರಿ ಇದ್ದೇ ಇರುತ್ತದೆ. ಗವಿಪುರದ್ದು ನೀಸ್ ಬಂಡೆ, ಲಾಲ್‌ಬಾಗ್ ಗುಡ್ಡದ್ದೇ ಜಾತಿ, ಸುಮಾರು 300 ಕೋಟಿ ವರ್ಷದ್ದು. ಸುಣ್ಣಕಲ್ಲಿನ ಹಾಗೆ ನೀರಲ್ಲಿ ಕರಗಿ ಉದ್ದುದ್ದ ಸುರಂಗ ಆಗುವ ಕಲ್ಲಲ್ಲ. ಈ ಕತೆ ಹುಟ್ಟಿದ್ದು ಕಲ್ಲಿನಿಂದ ಅಲ್ಲ, ಕತ್ತಲಿನಿಂದ. ಸ್ಕಾಟ್ಲೆಂಡಿನವರೂ ಕತ್ತಲನ್ನು ಹೀಗೇ ತುಂಬಿಸಿಕೊಂಡಿದ್ದಾರೆ: ಬ್ಯಾಗ್‌ಪೈಪ್ ಊದುತ್ತಾ ಒಬ್ಬ ಗವಿಯೊಳಗೆ ಹೋದ, ಸದ್ದು ನೆಲದಡಿ ದೂರ ದೂರ ಹೋಗಿ ನಿಂತುಬಿಟ್ಟಿತು, ಅವನ ನಾಯಿ ಮಾತ್ರ ಮೈಕೂದಲೆಲ್ಲ ಉದುರಿ ಹೊರಗೆ ಬಂತು. ಬೇರೆ ಬೇರೆ ಗವಿಗಳಿಗೆ ಇದೇ ಕತೆ ಹೇಳುತ್ತಾರೆ. ಅವರಿಗೆ ನಾಯಿ, ನಮಗೆ ಕಾಶಿ.

ನನಗೆ ನಿಜವಾಗಿ ಬೇಜಾರಾಗುವುದು ಮಲ್ಪೆಯ ವಿಷಯದಲ್ಲಿ. ಸ್ಟಾಫಾದಲ್ಲಿರುವಂಥ ಕಂಬ ನಮ್ಮ ಉಡುಪಿ ಜಿಲ್ಲೆಯಲ್ಲೇ ಇವೆ, ಸೇಂಟ್ ಮೇರೀಸ್ ದ್ವೀಪದಲ್ಲಿ, ಊರವರ ತೋನ್ಸೆಪಾರಿನಲ್ಲಿ. ಮಲ್ಪೆಯಿಂದ ಬೋಟಿನಲ್ಲಿ ಹೋಗಿ ಇಳಿದರೆ ಕಾಲ ಕೆಳಗೇ ಐದು, ಆರು, ಏಳು ಮುಖದ ಕಲ್ಲು. ಬಸಾಲ್ಟ್ ಅಂತ ಎಲ್ಲರಿಗೂ ಬಾಯಿಪಾಠ, ಆದರೆ ಅದು ಸಿಲಿಕಾ ಜಾಸ್ತಿ ಇರುವ ಬೇರೆ ಲಾವಾ, ರಯೋಲೈಟ್ ಮತ್ತು ಡೇಸೈಟ್ ಜಾತಿಯದು. ಡೆಕ್ಕನ್ ಟ್ರ್ಯಾಪ್, ಅಂದರೆ ಮಹಾರಾಷ್ಟ್ರದ ಕಡೆ ಪದರ ಪದರವಾಗಿ ಹರಡಿರುವ ಲಾವಾದ ತುಂಡು ಅಂತಲೂ ಹೇಳುತ್ತಾರೆ. ಅದೂ ಅಲ್ಲ. ಡೆಕ್ಕನ್ ಟ್ರ್ಯಾಪ್‌ಗೆ ಸುಮಾರು 6.6 ಕೋಟಿ ವರ್ಷ, ಇದಕ್ಕೆ ಸುಮಾರು 9 ಕೋಟಿ. ಭಾರತ ಮತ್ತು ಮಡಗಾಸ್ಕರ್ ಅಂಟಿಕೊಂಡಿದ್ದು ಬೇರೆಯಾದ ಕಾಲದ ಲಾವಾ ಅದು. ಅದೇ ವಯಸ್ಸಿನ ಲಾವಾ ಈಗ ಮಡಗಾಸ್ಕರಿನಲ್ಲಿ ಇದೆ. ಅಂದರೆ ನಮ್ಮ ಸಮುದ್ರಕ್ಕೂ ಎರಡು ತುದಿ ಉಂಟು, ಫಿನ್ ಕತೆಯಲ್ಲಿ ಇರುವ ಹಾಗೆ, ನಡುವಿನ ದೂರ ಮಾತ್ರ ಸಾವಿರಾರು ಕಿಲೋಮೀಟರ್.

ಇಷ್ಟು ದೊಡ್ಡ ವಿಷಯ ಇಟ್ಟುಕೊಂಡು ಅಲ್ಲಿಗೆ ಹೋದವರಿಗೆ ನಾವು ಹೇಳುವುದೇನು? 1498ರಲ್ಲಿ ವಾಸ್ಕೋ ಡ ಗಾಮ ಬಂದು ಶಿಲುಬೆ ನೆಟ್ಟು ಹೆಸರಿಟ್ಟನಂತೆ. ಇಟ್ಟಿರಲಿ. ಅವನಿಗೆ ಆ ಕಲ್ಲಲ್ಲಿ ಏನೂ ಕಾಣಲಿಲ್ಲ, ಅವನ ಕತೆಯಲ್ಲೂ ಕಲ್ಲು ಇಲ್ಲ. ಯಾವ ದ್ವೀಪಕ್ಕೆ ಬೇಕಾದರೂ ಎತ್ತಿ ಇಡಬಹುದಾದ ಕತೆ. ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಆಗಿದೆ, ಆದರೆ ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರು ಕಂಬದ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಚಿಪ್ಪು ಹೆಕ್ಕಿ, ಕೊನೇ ಬೋಟಿಗೆ ಓಡುತ್ತಾರೆ. ಅವರ ತಪ್ಪಲ್ಲ. ಬೋಟಿನಲ್ಲಿ ಹೋಗುವ ಹೊತ್ತಿನಲ್ಲಿ ಮಡಗಾಸ್ಕರಿನ ವಿಷಯ ಕನ್ನಡದಲ್ಲಿ, ತುಳುವಿನಲ್ಲಿ ಯಾರಾದರೂ ಹೇಳಿದರೆ ಕೇಳದೇ ಇರುತ್ತಾರಾ? ಹೇಳುವವರನ್ನು ನೇಮಿಸಲು ಏನು ಮಹಾ ಖರ್ಚು? ಬೋಟಿನ ಹುಡುಗರಿಗೇ ಕಲಿಸಿದರೂ ಸಾಕು, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಹೋಗುವುದಿದ್ದರೆ ಮಳೆಗಾಲದಲ್ಲಿ ಹೋಗಬೇಡಿ, ಬೋಟ್ ಬಿಡಲ್ಲ. ಹೋದಾಗ ಒಂದು ಕಂಬದ ಮುಖಗಳನ್ನು ಎಣಿಸಿ ಬನ್ನಿ.

ಕಡೆಗೆ ಒಂದು ವಿಚಾರಣೆ. ಮಲ್ಪೆ, ತೋನ್ಸೆ, ಕೋಡಿಬೆಂಗ್ರೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ತೋನ್ಸೆಪಾರಿನ ಆ ಕಲ್ಲುಗಳ ಬಗ್ಗೆ ನಿಮ್ಮ ಅಜ್ಜ ಅಜ್ಜಿ, ಮೀನಿಗೆ ಹೋಗುತ್ತಿದ್ದ ಹಿರಿಯರು ಏನಾದರೂ ಹೇಳುತ್ತಿದ್ದರಾ? ಭೂತದ ಕತೆಯೋ, ದೈವದ ಕತೆಯೋ, ಯಾರೋ ಕಡಿದು ನಿಲ್ಲಿಸಿದ ಕತೆಯೋ, ಏನಾದರೂ ಸರಿ. ತುಳುವಿನಲ್ಲೇ ಬರೆದರೂ ಪರವಾಗಿಲ್ಲ, ಓದಿಸಿಕೊಳ್ಳುತ್ತೇನೆ. ವಾಸ್ಕೋನ ಕತೆ ಮಾತ್ರ ಬೇಡ, ಅದು ಗೊತ್ತಿದೆ.